ಎಡಗೈಯಲ್ಲಿ ಲಿಂಗ, ಎಡಗೈಯಲ್ಲೇ ಕೂಸು

ಕುರುಗೋಡಿನಿಂದ ಶರಣ ಬಂಧುಗಳೆಲ್ಲರಿಗೂ ಶರಣಾರ್ಥಿ. ಹೆತ್ತ ಮಗುವನ್ನು ಎತ್ತಿಕೊಳ್ಳಲಾಗದ ಸಂಕಟ ಏನೆಂದು ಹೋದ ವರ್ಷ ಕಾರ್ತಿಕದಿಂದ ಈ ಯುಗಾದಿಯವರೆಗೆ ಅನುಭವಿಸಿದೆ. ಅದನ್ನು ಬರೆಯುತ್ತಿದ್ದೇನೆ.

ದೇಶನೂರಿನ ತವರಿನಿಂದ ನಮ್ಮವರ ಬೈಕಿನ ಹಿಂದೆ ಕೂತು ಬರುತ್ತಿದ್ದೆ. ಏಳು ತಿಂಗಳ ಮಗಳು ನೀಲಾ ಬಲಗೈಯಲ್ಲಿದ್ದಳು. ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ಎದುರಿಗೆ ಲಾರಿ ಬಂತೆಂದು ನಮ್ಮವರು ಬೈಕನ್ನು ಭತ್ತದ ಮೇಲೆ ಇಳಿಸಿದರು, ಗಾಲಿ ಜಾರಿತು. ಕೂಸನ್ನು ಎದೆಗವುಚಿಕೊಂಡಿದ್ದರಿಂದ ಕೈ ಊರಲಾಗದೆ ಎಡಹೆಗಲಿನ ತುದಿಯ ಮೇಲೆಯೇ ಬಿದ್ದೆ. ಮಗಳಿಗೆ ಒಂದು ತರಚು ಗಾಯವೂ ಆಗಲಿಲ್ಲ.

ಬಳ್ಳಾರಿಯಲ್ಲಿ ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕೊರಳಿನ ಎಲುಬು ಹೆಗಲಿನ ಎಲುಬನ್ನು ಕೂಡುವ ಜಾಗದಲ್ಲಿ, ಎ.ಸಿ. ಜಾಯಿಂಟ್ ಎನ್ನುತ್ತಾರಲ್ಲ ಅಲ್ಲಿ, ಹಿಡಿದಿಟ್ಟ ನಾರುಗಳು ಹರಿದಿವೆ ಎಂದರು ಡಾಕ್ಟರು. ಎಲುಬಿನ ತುದಿ ನೆಲ್ಲಿಕಾಯಿಯಂತೆ ಉಬ್ಬಿತ್ತು. ಒತ್ತಿದರೆ ಇಳಿಯುವುದು, ಬಿಟ್ಟರೆ ಏಳುವುದು.

"ಎ.ಸಿ. ಅಂದ್ರ ತಣ್ಣನ ಗಾಳಿ ಬಿಡೋದಲ್ಲೇನು? ನಿನ್ನ ಹೆಗಲಾಗ ಯಾವಾಗ ಕೂರಿಸಿದ್ರವ್ವಾ?" ಎಂದರು ನಮ್ಮತ್ತೆ. ಆವತ್ತು ನಕ್ಕಿದ್ದೇ ಕೊನೆ.

ಕೈಯನ್ನು ಕೊರಳಿಗೆ ತೂಗುಹಾಕುವ ಬೆಲ್ಟು ಹಾಕಿ, ತೆಗೆಯಬಾರದು, ಬಹಳ ಜನಕ್ಕೆ ಇಷ್ಟರಲ್ಲೇ ನೋವು ಇಳಿಯುತ್ತದೆ ಎಂದು ಕಳಿಸಿದರು. ನನಗೆ ಇಳಿಯಲಿಲ್ಲ. ದಿನ ಹೋದಂತೆ ಹೆಚ್ಚಾಯಿತು. ಮಲಗಿ ಮಗ್ಗುಲು ಬದಲಿಸಿದರೆ ಜೀವ ಹೋದಂತಾಗುತ್ತಿತ್ತು. ನೀಲಾ ಎರಡೂ ಕೈ ಚಾಚಿ ಅಳುವಳು. ಬಲಗೈಯಿಂದ ಎತ್ತಹೋದರೂ ಎಡಹೆಗಲು ಸೆಳೆಯುತ್ತಿತ್ತು, ನಾನು ಕೂತಲ್ಲೇ ಕಣ್ಣೀರು ಹಾಕುವೆ. ಹಾಲು ಕುಡಿಸಲೂ ಅತ್ತೆ ತಂದು ಮಲಗಿಸಬೇಕಿತ್ತು. ಕಡೆಗೆ ಅವಳು ಕೈ ಚಾಚುವುದನ್ನೇ ಬಿಟ್ಟಳು. ಒಂದು ದಿನ ಮೊದಲ ಸಲ "ಅವ್ವ" ಅಂದಳು, ನನ್ನ ಅತ್ತೆಯ ಮುಖ ನೋಡಿ.

ನಾನು ಎರಡೂ ಮನೆತನಗಳಲ್ಲಿ ಮೊದಲ ಪದವೀಧರೆ. ಬಳ್ಳಾರಿ ಕಾಲೇಜಿಗೆ ಹೋಗುವಾಗ ಬಸ್ಸಿನ ಕಂಬಿಯನ್ನು ಈ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಪುಸ್ತಕ ಹಿಡಿದು, ನಿಂತೇ ಬಿ.ಎಸ್ಸಿ. ಓದಿದವಳು. ಆ ಕೈ ಈಗ ಕೂಸಿನ ಭಾರಕ್ಕೂ ಆಗದಾಯಿತು. ಇಷ್ಟಲಿಂಗದ ಮುಂದೆ ಒಂದೇ ಮಾತು ಬೇಡುತ್ತಿದ್ದೆ: ಹೆಗಲ ಮೇಲೆ ಉಬ್ಬಿದ ಈ ಗುಬುಟು ಇರಲಿ, ನೋವೂ ಇರಲಿ, ನನ್ನ ಮಗಳನ್ನು ಎತ್ತುವಷ್ಟು ಕೊಡು ತಂದೆ. ನೋವು ಹೆಚ್ಚಿದಂತೆ ಪೂಜೆಯ ಹೊತ್ತೂ ಹೆಚ್ಚಿತು.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ಮತ್ತೆ ನೋಡಿದರು. "ಬೆಲ್ಟ್ ನಡುನಡುವ ತೆಗೀತೀರೇನಮ್ಮಾ?" ಎಂದರು. ಇಲ್ಲ ಎಂದೆ. ಹಾಗಾದರೆ ಪ್ಲೇಟ್ ಹಾಕುವುದೇ ದಾರಿ ಎಂದು ಆಪರೇಶನ್ ಗೊತ್ತುಮಾಡಿದರು. ಆಪರೇಶನ್ನಿನ ದಿನ ಬಸ್ಸಿನಲ್ಲಿ ಪ್ರತಿ ಗುಂಡಿಗೂ ಹೆಗಲು ಹಿಡಿದುಕೊಂಡು ಬಳ್ಳಾರಿ ಸೇರಿದೆ. ಇಷ್ಟು ಬೇಡಿದರೂ ದೇವರು ಕೇಳಲಿಲ್ಲವಲ್ಲ ಎಂದು ಒಳಗೇ ಸಿಟ್ಟಿತ್ತು.

ಥಿಯೇಟರಿಗೆ ಒಯ್ಯುವ ಮೊದಲು ಸಿಸ್ಟರ್ ಬಂದರು. "ಬಳಿ, ಓಲಿ, ಕೊರಳಾಗಿಂದು ಎಲ್ಲಾ ತೆಗೀರಿ."

ತಾಳಿ ಬಿಚ್ಚಿ ಅತ್ತೆಯ ಕೈಗಿಟ್ಟೆ. ಲಿಂಗ ಕಟ್ಟಿದ ಶಿವದಾರಕ್ಕೆ ಕೈ ಹಾಕಲಿಲ್ಲ. "ಇದು ಲಿಂಗ. ಜೀವ ಇರೋತನಕ ಮೈಮ್ಯಾಲಿಂದ ಇಳಿಸಂಗಿಲ್ಲ ಸಿಸ್ಟರ್."

"ತಾಳಿ ಬಿಚ್ಚಿದ್ರಿ, ಇದಕ್ಯಾಕ ಹಟ ಹಿಡೀತೀರಿ?"

ಅಳು ತಡೆಯಲಾಗಲಿಲ್ಲ. ಗದ್ದಲ ಕೇಳಿ ಡಾಕ್ಟರೇ ಬಂದರು. "ತೆಗೀಬ್ಯಾಡಮ್ಮಾ. ಬಲಗೈಗೆ ಸುತ್ತಿ ಪಟ್ಟಿ ಹಾಕೋಣ" ಎಂದರು.

"ಹಂಗಾದ್ರ ಒಳಗ ಹೋಗೋಕಿಂತ ಮುಂಚೆ ಒಂದು ಪೂಜಾ ಮಾಡ್ಕೊಂತೀನಿ ಸಾರ್."

ಮಾಡಿಕೊಳ್ಳಿ ಎಂದು ಪರದೆಯ ಪಕ್ಕ ನಿಂತರು. ನಾನು ಬೆಲ್ಟು ಬಿಚ್ಚಿದೆ. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ಹಲ್ಲು ಕಚ್ಚಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ.

"ತಡೀರಿ, ತಡೀರಿ" ಎಂದರು ಡಾಕ್ಟರು. "ಯಾವಾಗಿಂದ ಹಿಂಗ ಮಾಡಾಕತ್ತೀರಿ?"

"ದಿನಾ ಸಾರ್. ಬಿದ್ದ ದಿನದಿಂದ ಒಂದಿನಾನೂ ತಪ್ಪಿಸಿಲ್ಲ." ಹೆಮ್ಮೆಯಿಂದಲೇ ಹೇಳಿದೆ.

"ಎಷ್ಟೊತ್ತು?"

"ನೋವು ಜಾಸ್ತಿ ಆದಂಗ ಜಾಸ್ತಿ ಹೊತ್ತು."

ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. "ಬೆಲ್ಟ್ ತೆಗೀತೀರಾ ಅಂತ ಕೇಳಿದ್ನಲ್ಲಮ್ಮಾ?"

"ತೆಗ್ದಿಲ್ಲ ಸಾರ್... ಪೂಜಾಕ್ಕ ಬಿಟ್ಟು."

ಪೂಜೆಯೂ ಕೈಗೆ ಕೆಲಸವೇ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಲಿಂಗ ಕಟ್ಟಿಕೊಂಡ ನಮ್ಮಂಥವರಲ್ಲಿ ಯಾರಿಗೆ ಹೊಳೆಯುತ್ತದೆ ಹೇಳಿ?

"ಈ ಕೈಯಿ ಒಂದಿನಾನೂ ಸುಮ್ನ ಕೂತಿಲ್ಲ" ಎಂದರು. "ಸುಮ್ನ ಕೂತ್ರ ಏನಾಗ್ತೈತಿ ಅಂತ ನೋಡದ ಹೆಂಗ ಕೊಯ್ಯಲಿ? ಮನಿಗೆ ಹೋಗ್ರಿ. ಆಪರೇಶನ್ ಎಲ್ಲೂ ಓಡಿಹೋಗಲ್ಲ, ಬೇಕಾದ್ರ ಆಮ್ಯಾಲೂ ಮಾಡಬಹುದು."

ಮರುದಿನ ಬೆಳಿಗ್ಗೆ ಲಿಂಗ ಹಿಡಿಯುವುದು ಹೇಗೆಂದು ತಿಳಿಯದೆ ಕೂತಿದ್ದೆ. ನಮ್ಮತ್ತೆ ಬೆಲ್ಟಿನಿಂದ ಹೊರಬಂದಿದ್ದ ನನ್ನ ಅಂಗೈಯನ್ನು ಮೇಲ್ಮುಖ ಮಾಡಿ ಲಿಂಗವಿಟ್ಟರು. "ಅದಽ ನಿನ್ನ ಕಣ್ಣಿಗೆ ಏರಿ ಬರ್ಬೇಕೇನು? ನೀನಽ ಚೂರು ತಲಿ ತಗ್ಗಿಸು ಮಗಳ" ಎಂದರು. ತಗ್ಗಿಸಿದೆ. ಆವತ್ತಿನ ಪೂಜೆಯಲ್ಲಿ ಏನೂ ಬೇಡಲಿಲ್ಲ, ಬರೀ ಕಣ್ಣೀರು ಹಾಕಿದೆ.

ನೋವು ಮೆಲ್ಲಗೆ ಇಳಿಯತೊಡಗಿತು. ಆಮೇಲೆ ಡಾಕ್ಟರು ಹೇಳಿಕೊಟ್ಟಂತೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡಿದೆ. ಶಿವರಾತ್ರಿಗೆ ಬೆರಳು ಕಿಟಕಿಯ ಮೇಲಂಚು ಮುಟ್ಟಿತು. ಆಪರೇಶನ್ ಬೇಡವೆಂದರು.

ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಲಾರೆ. ಆಪರೇಶನ್ ಬೇಕಾದವರಿಗೆ ಅದೇ ಪ್ರಸಾದ. ಆದರೆ ಡಾಕ್ಟರ ಮುಂದೆ ಪೂಜೆಯನ್ನೂ ಹೇಳಿ. ನನ್ನ ಬಾಯಿ ಹೇಳದ್ದನ್ನು ಹೇಳಲು ಲಿಂಗಯ್ಯನೇ ಮೈಮೇಲಿಂದ ಇಳಿಯಲೊಲ್ಲೆ ಎಂದು ಕೂತ. ದೇವರು ಕೇಳಲಿಲ್ಲವೆಂದು ನಾನು ಸಿಟ್ಟಾದಾಗ ಅವನು ನನ್ನ ಎದೆಯ ಮೇಲೆಯೇ ಇದ್ದ.

ಯುಗಾದಿಯ ದಿನ ನೀಲಾಳನ್ನು ಎಡಗೈಯಲ್ಲಿ ಎತ್ತಿಕೊಂಡೆ. ಅತ್ತೆ ಕೆಳಗೆ ಸೆರಗೊಡ್ಡಿ ನಿಂತಿದ್ದರು, ಬಿದ್ದರೆ ಹಿಡಿಯಲೆಂದು. ಬೀಳಲಿಲ್ಲ. ಹೆಗಲ ಮೇಲಿನ ಗುಬುಟು ಇನ್ನೂ ಇದೆ. ಮಗಳು ಅದನ್ನೇ ಮುಷ್ಟಿಯಲ್ಲಿ ಹಿಡಿದು, ನನ್ನ ಮುಖ ನೋಡಿ "ಅವ್ವ" ಅಂದಳು. ಈಗ ಕೈ ಕಣ್ಣಿನ ಮಟ್ಟಕ್ಕೆ ಆರಾಮಾಗಿ ಏಳುತ್ತದೆ. ಆದರೂ ಪೂಜೆಗೆ ಕೂತಾಗ ನಾನು ತಲೆ ತಗ್ಗಿಸಿಯೇ ನೋಡುತ್ತೇನೆ.