ಸೆಟಿಂಗಣ್ಣನ ಖಾಲಿ ಪರದೆ

ಆ ಪ್ರೆಸ್ಸಿನಲ್ಲಿ ಪುಟ ಜೋಡಿಸುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನ ಅವನು ಸೆಟಿಂಗಣ್ಣ. ಯಾವ ವಸ್ತುವೂ ಬಂದದ್ದು ಬಂದ ಹಾಗೇ ಇದ್ದರೆ ಅವನಿಗೆ ಸಮಾಧಾನವಿಲ್ಲ. ಮನೆಯ ಫ್ಯಾನಿನ ರೆಗ್ಯುಲೇಟರನ್ನು ಅವನು ಬಿಚ್ಚಿ ಸರಿಮಾಡಿದ ಮೇಲೆ ಅದಕ್ಕೆ ಎರಡೇ ವೇಗ ಉಳಿದಿವೆ: ಒಂದರಲ್ಲಿ ಫ್ಯಾನು ನಿಂತಿರುತ್ತದೆ, ಇನ್ನೊಂದರಲ್ಲಿ ಗೋಡೆಯ ಕ್ಯಾಲೆಂಡರ್ ಹಾರಿಹೋಗುತ್ತದೆ. ಪ್ರೆಸ್ಸಿನ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದವನೂ ಅವನೇ. ಪುಕ್ಕಟೆ ಎಂದು ಕೇಳಿದೊಡನೆ ಯಜಮಾನರು ಒಪ್ಪಿದ್ದರು. ಅದರಲ್ಲಿ ಏನು ಬೇಕಾದರೂ ಬದಲಾಯಿಸಬಹುದು ಎಂಬ ಸಂಗತಿಯನ್ನು ಅವನು ಅವರಿಗೆ ಹೇಳಲು ಹೋಗಿರಲಿಲ್ಲ.

ಅವನ ಬಲಗೈ ಮುರಿದದ್ದೂ ಸೆಟಿಂಗಿನಿಂದಲೇ. ಕುರ್ಚಿ ಒಂದು ಬೆರಳಿನಷ್ಟು ಎತ್ತರವಾಯಿತು ಅನ್ನಿಸಿ ಕೆಳಗಿನ ಬೋಲ್ಟು ಸಡಿಲಿಸಿದ. ಅಷ್ಟರಲ್ಲಿ ಯಾರೋ ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದರು. ಅವರಿಗೆ ಮಾದರಿ ತೋರಿಸಿ, ನಗುನಗುತ್ತಾ ವಾಪಸ್ ಬಂದು ಧೊಪ್ಪನೆ ಕೂತ. ಕುರ್ಚಿ ಒಂದು ಕಡೆ, ಇವನು ಇನ್ನೊಂದು ಕಡೆ, ಮಣಿಕಟ್ಟು ಎರಡೂ ಕಡೆ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದವನನ್ನು ಯಜಮಾನರು ಬಹಳ ಪ್ರೀತಿಯಿಂದ ಮಾತಾಡಿಸಿದರು. ಅವರು ಪ್ರೀತಿಯಿಂದ ಮಾತಾಡಿಸಿದರೆ ಹೆದರಬೇಕು ಎಂದು ಪ್ರೆಸ್ಸಿನಲ್ಲಿ ಎಲ್ಲರಿಗೂ ಗೊತ್ತು.

“ವಾಸಿಯಾಗೋವರೆಗೂ ಮನೇಲಿ ಆರಾಮಾಗಿರಯ್ಯಾ. ಪರೀಕ್ಷೆ ಕಾಲ, ಪ್ರಶ್ನೆಪತ್ರಿಕೆ ಕೆಲಸ ನಿಲ್ಲೋ ಹಾಗಿಲ್ಲ. ನನ್ನ ಬಾಮೈದ ಸುಮ್ನೆ ಕೂತಿದಾನೆ. ಅಲ್ಲಿ ಕೂರೋ ಬದಲು ಇಲ್ಲಿ ಬಂದು ಕೂರ್ತಾನೆ.”

ಸೆಟಿಂಗಣ್ಣ ತನ್ನ ಕುರ್ಚಿಯ ಕಡೆ ನೋಡಿದ. ಬೇರೆ ಯಾರು ಕೂತರೂ ನಾಳೆ ಎಬ್ಬಿಸಬಹುದು. ಹೆಂಡತಿಯ ತಮ್ಮನನ್ನು ಕುರ್ಚಿಯಿಂದ ಎಬ್ಬಿಸಿದ ಯಜಮಾನ ಮಧ್ಯಾಹ್ನ ಯಾವ ಮುಖ ಇಟ್ಟುಕೊಂಡು ಮನೆಗೆ ಊಟಕ್ಕೆ ಹೋಗುತ್ತಾನೆ? ಆ ಕುರ್ಚಿ ಈಗ ಹೋದರೆ ಹೋದ ಹಾಗೆಯೇ.

“ಎಡಗೈ ಇದೆಯಲ್ಲ ಯಜಮಾನ್ರೇ. ಸೋಮವಾರದಿಂದ ನೋಡಿ. ಕೆಲಸ ಒಂಚೂರು ಹಿಂದೆ ಬಿದ್ರೆ ನಾನೇ ಎದ್ದು ಹೋಗ್ತೀನಿ.”

“ಬೀಳೋ ವಿಷಯದಲ್ಲಿ ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಸರಿ, ಸೋಮವಾರ ನೋಡೋಣ.”

ಎಡಗೈಯಲ್ಲಿ ಮೌಸ್ ಹಿಡಿದು ನೋಡಿದ. ಬಾಣದ ಗುರುತು ಕುಡಿದವನ ಹಾಗೆ ಪರದೆಯ ಅಂಚು ಹಿಡಿದುಕೊಂಡು ತೂರಾಡಿತು. ಸಾಲದ್ದಕ್ಕೆ ಇವನದು ಯಾವುದನ್ನೂ ಮುಚ್ಚದ ಜಾಯಮಾನ. ಐದನೇ ಕ್ಲಾಸಿನ ಗಣಿತ, ಏಳನೇ ಕ್ಲಾಸಿನ ವಿಜ್ಞಾನ, ಹಲ್ಲಿನ ಡಾಕ್ಟರ ಚೀಟಿ, ಬೇಕರಿಯ ಡಬ್ಬಿ, ಎಲ್ಲದರ ವಿಂಡೋಗಳೂ ತೆರೆದೇ ಇರಬೇಕು. ಪರದೆಯ ಕೆಳಗಿನ ಪಟ್ಟಿಯಲ್ಲಿ ಅವು ಬೆಳಗಿನ ಬಸ್ಸಿನ ಜನರಂತೆ ಒತ್ತಿಕೊಂಡು ನಿಂತಿದ್ದು, ಒಂದೊಂದರ ಮೂಗು ಮಾತ್ರ ಕಾಣುತ್ತಿತ್ತು. ಆಲ್ಟ್ ಮತ್ತು ಟ್ಯಾಬ್ ಒತ್ತಿ ಒಂದೊಂದೇ ದಾಟುತ್ತಾ ಹೋದರೆ, ಬೇಕಾದದ್ದು ಬರುವ ಹೊತ್ತಿಗೆ ಬೆರಳು ಮುಂದೆ ಹೋಗಿರುತ್ತಿತ್ತು. ಮತ್ತೆ ಇಡೀ ಸುತ್ತು.

ಭಾನುವಾರ ಹೆಂಡತಿಯನ್ನು ಕರೆದುಕೊಂಡು ಪ್ರೆಸ್ಸಿಗೆ ಹೋದ. ಒಂದು ಕೈಯಲ್ಲಿ ಶಟರ್ ಎತ್ತಲು ಆಗುತ್ತಿರಲಿಲ್ಲ. ಅವಳು ಎತ್ತಿದಳು. ಎತ್ತಿದ ಮೇಲೆ ಸುಮ್ಮನಿರಲಿಲ್ಲ.

“ಏನ್ರೀ ಇದು ಹೊಸ ಸೆಟಿಂಗು?”

“ವಿಂಡೋ ಹುಡುಕಿ ಕೊಡೋದು ಕಣೇ. ಎರಡು ಕೀ ಒತ್ತಿದ್ರೆ ನಡುವೆ ಒಂದು ಸಣ್ಣ ಡಬ್ಬಿ ಬರುತ್ತೆ. ಹೆಸರಿನ ಮೊದಲ ಎರಡು ಮೂರು ಅಕ್ಷರ ಹೊಡೆದ್ರೆ ಸಾಕು, ಆ ವಿಂಡೋ ಓಡಿ ಬಂದು ಎದುರಿಗೆ ನಿಲ್ಲುತ್ತೆ. ಮೌಸ್ ಮುಟ್ಟೋದೇ ಬೇಡ.”

“ಹೆಸರು ಕರೆದ್ರೆ ಓಡಿ ಬರುತ್ತಾ? ಮನೇಲಿ ನಾನು ಇಷ್ಟು ವರ್ಷದಿಂದ ಕರೀತಾನೇ ಇದೀನಿ, ಒಬ್ಬರೂ ಎದ್ದು ಬಂದಿದ್ದು ಕಾಣೆ.”

ಅದನ್ನು ಕಂಪ್ಯೂಟರಿಗೆ ಹಾಕುವ ಆಜ್ಞೆಗಳು ಫೋನಿನಲ್ಲಿದ್ದವು. ಅವಳು ಓದಿ ಹೇಳಬೇಕು, ಇವನು ಎಡಗೈಯಲ್ಲಿ ಕುಟ್ಟಬೇಕು.

“ಆಮೇಲೆ ಒಂದು ಅಡ್ಡಗೆರೆ.”

“ಒಂದೇನಾ?”

“ಒಂದೇ. ತಡೀರಿ, ಪಕ್ಕದಲ್ಲೇ ಇನ್ನೊಂದಿದೆ.”

“ಮೊದ್ಲೇ ಹೇಳಬಾರದಾ?”

“ನೀವು ಬೋಲ್ಟು ಬಿಗಿ ಮಾಡೋದು ಮರೆತ್ರಿ. ನಾನೇನಾದ್ರೂ ಅಂದ್ನಾ?”

ಅಂತೂ ವಿಂಡೋ ಹುಡುಕುವ ಸಾಧನ ಕೂತಿತು. ಆಲ್ಟ್ ಮತ್ತು ಟ್ಯಾಬ್ ಎರಡೂ ಎಡಗೈಗೆ ಸಿಗುವ ಕೀಗಳು. ಅವನ್ನು ಹಳೆಯ ಕೆಲಸದಿಂದ ಬಿಡಿಸಿ ಇದಕ್ಕೆ ಹಚ್ಚಿದ. ಎಂಟರ್ ಕೀ ದೂರ ಬಲಗಡೆ ಕೂತಿದೆಯಲ್ಲ, ಅದಕ್ಕೂ ಉಪಾಯವಿತ್ತು: ಹುಡುಕಾಟದಲ್ಲಿ ಒಂದೇ ವಿಂಡೋ ಉಳಿದರೆ ಎಂಟರಿಗೆ ಕಾಯದೆ ಅದು ತಾನಾಗಿ ತೆರೆದುಕೊಳ್ಳಬೇಕು. ಫೈಲುಗಳ ಹೆಸರನ್ನೂ ಕೀಬೋರ್ಡಿನ ಎಡ ಅರ್ಧದ ಅಕ್ಷರಗಳಿಗೇ ಬದಲಿಸಿದ. ಹೊಡೆದು ನೋಡಿದ. ಏಳನೇ ಕ್ಲಾಸಿನ ವಿಜ್ಞಾನ ಚಂಗನೆ ಬಂದು ನಿಂತಿತು.

ಇಷ್ಟಕ್ಕೇ ಎದ್ದು ಬಂದಿದ್ದರೆ ಅವನು ಸೆಟಿಂಗಣ್ಣ ಹೇಗಾಗುತ್ತಾನೆ? ಕೆಳಗಿನ ಪಟ್ಟಿಯನ್ನು ಒಂದು ಎಳೆ ತೆಳ್ಳಗೆ ಮಾಡೋಣ ಎಂದು ಎಡಗೈಗೆ ಮೌಸ್ ತೆಗೆದುಕೊಂಡ.

“ರೀ, ಹಲ್ಲಿ!” ಎಂದು ಹೆಂಡತಿ ಕಿರುಚಿದಳು.

ಇವನು ಅತ್ತ ತಿರುಗಿದ, ಬೆರಳು ಇತ್ತ ಒತ್ತಿತು. ಕಂಪ್ಯೂಟರ್ ಏನೋ ಕೇಳಿತು. ಹಲ್ಲಿಯ ಗಡಿಬಿಡಿಯಲ್ಲಿ ಹೂಂ ಅಂದುಬಿಟ್ಟ. ತಿರುಗಿ ನೋಡಿದರೆ ಪಟ್ಟಿಯೇ ಇಲ್ಲ. ಪರದೆಯ ಮೇಲಿನ ಐಕಾನುಗಳನ್ನು ಚೆಂದ ಕಾಣುವುದಿಲ್ಲವೆಂದು ಹಿಂದೆಯೇ ಓಡಿಸಿದ್ದ. ಈಗ ವಿಂಡೋಗಳನ್ನು ಮರೆಮಾಡಿದರೆ ಪರದೆಯಲ್ಲಿ ಉಳಿಯುವುದು ಬರೀ ನೀಲಿ. ಹೆಸರು ಹಿಡಿದು ಕರೆದರೆ ಎಲ್ಲವೂ ಬರುತ್ತಿದ್ದವು, ಪಟ್ಟಿ ಮಾತ್ರ ಸಂಜೆಯವರೆಗೆ ತಿಣುಕಿದರೂ ವಾಪಸ್ ಬರಲಿಲ್ಲ.

“ಯಜಮಾನ್ರು ಕೇಳಿದ್ರೆ?” ಹೆಂಡತಿ ಶಟರ್ ಎಳೆಯುತ್ತಾ ಕೇಳಿದಳು.

“ಹೊಸ ಪದ್ಧತಿ ಅಂತೀನಿ.”

ಸೋಮವಾರ ಕೆಲಸ ಓಡಿತು. ಯಜಮಾನರು ಬೆನ್ನ ಹಿಂದೆ ನಿಂತು ತಪ್ಪು ಹುಡುಕಿ, ಸಿಗದೆ, ಬೇಜಾರಾಗಿ ಹೋದರು. ಬಾಮೈದ ಪಕ್ಕದ ಸ್ಟೂಲಿನ ಮೇಲೆ ಕುರ್ಚಿಗೇ ಕಣ್ಣು ನೆಟ್ಟು ಕೂತಿದ್ದ. ಆ ವಾರದಲ್ಲೇ ಒಂದು ಬೆಳಗ್ಗೆ ಸೆಟಿಂಗಣ್ಣ ಎಲ್ಲ ವಿಂಡೋಗಳನ್ನೂ ಮರೆಮಾಡಿ, ಕೈ ತೋರಿಸಿಕೊಂಡು ಬರಲು ಆಸ್ಪತ್ರೆಗೆ ಹೋದ. ಕುರ್ಚಿಯ ಬಿಸಿ ಆರುವ ಮೊದಲೇ ಬಾಮೈದ ಅದರಲ್ಲಿದ್ದ.

ಆಗಲೇ ಆ ಪ್ರಶ್ನೆಪತ್ರಿಕೆಗಳನ್ನು ಮಾಡಿಸುತ್ತಿದ್ದ ಶಾಲೆಯ ಹೆಡ್ ಮೇಡಂ ಬಂದರು. ಮುಖ ಬಿಗಿದುಕೊಂಡೇ ಬಂದಿದ್ದರು.

“ಹೋದ ಸಲ ಜೆರಾಕ್ಸ್ ಮಾಡಿಸೋಕೆ ಬಂದ ಯಾರೋ ಹುಡುಗನ ಅಪ್ಪ, ನಮ್ಮ ಪ್ರಶ್ನೆಪತ್ರಿಕೆ ಈ ಪರದೆ ಮೇಲೇ ಓದ್ಕೊಂಡು ಹೋದ್ರಂತೆ. ಈಗ ವಿಜ್ಞಾನ ತಿದ್ದಿಸ್ಕೊಂಡು ಹೋಗ್ತೀನಿ. ಉಳಿದಿದ್ದು ಬೇರೆ ಪ್ರೆಸ್ಸಿಗೆ ಕೊಡ್ತೀನಿ.”

ಯಜಮಾನರು ಬಾಮೈದನ ಕಡೆ ತಿರುಗಿದರು. “ತೆಗಿಯೋ, ಬೇಗ ತೋರಿಸು!”

ಬಾಮೈದ ಮೌಸನ್ನು ನೀಲಿಯ ಮೇಲೆಲ್ಲ ಉಜ್ಜಿದ. ಅವನ ಲೆಕ್ಕದಲ್ಲಿ ಕೀಬೋರ್ಡು ಇರುವುದು ಅಕ್ಷರ ಬರೆಯಲಿಕ್ಕೆ ಮಾತ್ರ.

“ಭಾವ, ಇದ್ರಲ್ಲಿ ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ಎಲ್ಲಾ ಅಳಿಸಿಟ್ಟು ಹೋಗಿದಾನೆ.”

ಕೈ ಜೋಲಿಗೆ ಹಾಕಿಕೊಂಡು ಸೆಟಿಂಗಣ್ಣ ಒಳಗೆ ಬಂದದ್ದು ಆ ಗಳಿಗೆಯಲ್ಲೇ. ಯಜಮಾನರು ಕೈ ಎತ್ತಿಕೊಂಡೇ ಎದುರಾದರು. “ಏನಯ್ಯಾ ಮಾಡಿಟ್ಟಿದೀಯ? ಪ್ಲಾಸ್ಟರ್ ಕೈಗೆ ಹಾಕಿದ್ರಾ, ತಲೆಗೆ ಹಾಕಿದ್ರಾ?”

ಅವನು ಬಾಮೈದನ ಹೆಗಲ ಮೇಲಿಂದಲೇ ಬಗ್ಗಿ ಎರಡು ಕೀ ಒತ್ತಿ, ಮೂರು ಅಕ್ಷರ ಹೊಡೆದ. ವಿಜ್ಞಾನ ಬಂತು. ಮೇಡಂ ಹೇಳಿದ ತಿದ್ದುಪಡಿ ಮಾಡಿದ. ಅಷ್ಟರಲ್ಲಿ ಜೆರಾಕ್ಸಿಗೆಂದು ಯಾರೋ ಹತ್ತಿರ ಬಂದರು. ಅವನು ಪಟಕ್ಕನೆ ವಿಂಡೋ ಮರೆಮಾಡಿದ. ಮತ್ತೆ ಬರೀ ನೀಲಿ.

“ಅದೆಲ್ಲಿ ಹೋಯ್ತು?” ಎಂದರು ಮೇಡಂ.

“ಇಲ್ಲೇ ಇದೆ ಮೇಡಂ. ಹೆಸರು ಗೊತ್ತಿದ್ದವರು ಕರೆದ್ರೆ ಬರುತ್ತೆ.”

“ಗೊತ್ತಿಲ್ಲದವರಿಗೆ?”

ಸೆಟಿಂಗಣ್ಣ ಬಾಮೈದನ ಕಡೆ ನೋಡಿದ. “ಇವರನ್ನೇ ಕೇಳಿ.”

ಮೇಡಂ ಮುಖದ ಬಿಗಿ ಸಡಿಲವಾಯಿತು. ಬೈಯಲೆಂದು ಎತ್ತಿದ್ದ ಕೈಯನ್ನು ಯಜಮಾನರು ಹಾಗೇ ಸೆಟಿಂಗಣ್ಣನ ಹೆಗಲ ಮೇಲೆ ಇಳಿಸಿದರು. “ಅದಕ್ಕೇ ಅಲ್ವಾ ಮೇಡಂ, ಬೇಕೂಂತಲೇ ಮಾಡಿಸಿದ್ದು! ಇದರ ಹಿಂದೆ ಎಷ್ಟು ಯೋಚನೆ ಮಾಡಿದೀವಿ ಅಂತೀರಿ!” ವ್ಯಾಪಾರಸ್ಥನ ಮಾತು ಹೀಗೆ ತಿರುಗಬೇಕು, ತಿರುವಿನಲ್ಲಿ ಹಾರ್ನ್ ಕೂಡ ಕೇಳಿಸಬಾರದು.

“ಎಲ್ಲಾ ಕ್ಲಾಸಿನದೂ ಇಲ್ಲೇ ಆಗಲಿ ಹಾಗಾದ್ರೆ,” ಎಂದ ಮೇಡಂ ಸೆಟಿಂಗಣ್ಣನ ಕಡೆ ಕೈ ತೋರಿಸಿದರು. “ಆದ್ರೆ ಇವರೇ ಕೂತು ಮಾಡಬೇಕು.”

“ಏಳೋ,” ಎಂದರು ಯಜಮಾನರು ಬಾಮೈದನಿಗೆ. ಆ ಮಧ್ಯಾಹ್ನ ಅವರು ಊಟವನ್ನು ಹೊರಗಿಂದ ತರಿಸಿಕೊಂಡರು. ಸೆಟಿಂಗಣ್ಣ ಕೂರುವ ಮೊದಲು ಬಗ್ಗಿ ಬೋಲ್ಟು ಒಮ್ಮೆ ತಿರುಗಿಸಿ ನೋಡಿದ.

ಪ್ಲಾಸ್ಟರ್ ಬಿಚ್ಚಿದ ವಾರವೇ ಯಜಮಾನರು ಬಾಮೈದನಿಗೆಂದು ಇನ್ನೊಂದು ಕಂಪ್ಯೂಟರ್ ತಂದು ಪಕ್ಕದ ಮೇಜಿನ ಮೇಲೆ ಇಟ್ಟರು. “ಇದನ್ನೂ ಹಾಗೇ ಖಾಲಿ ಮಾಡಿಕೊಡಯ್ಯಾ. ನಿನಗೇನು, ಕ್ಷಣದ ಕೆಲಸ.”

ಸೆಟಿಂಗಣ್ಣ ಗಟ್ಟಿಯಾದ ಬಲಗೈಯಲ್ಲಿ ಮೌಸ್ ಹಿಡಿದು ಕೂತ. ಪಟ್ಟಿ ತೆಳ್ಳಗಾಯಿತು, ದಪ್ಪವಾಯಿತು, ಮೇಲೆ ಹತ್ತಿತು, ಬಣ್ಣ ಬದಲಿಸಿತು. ಹೋಗಲು ಮಾತ್ರ ಒಪ್ಪಲಿಲ್ಲ. ಯಜಮಾನರು ಒಳಗೆ ಹೋದದ್ದನ್ನು ನೋಡಿಕೊಂಡು ಮೌಸನ್ನು ಎಡಗೈಗೆ ದಾಟಿಸಿದ. ಬಲಗೈಯಲ್ಲಿ ಹೆಂಡತಿಗೆ ಫೋನ್ ಮಾಡಿದ.

“ಕೇಳಿಲ್ಲಿ, ಏನೂ ಅಂದ್ಕೋಬೇಡ. ಒಂದ್ಸಲ ಜೋರಾಗಿ ಹಲ್ಲಿ ಅಂತ ಕಿರುಚು.”