ಕೋಳಿ ನೀರಿನ ಹಳದಿ ಪುಡಿ

ಮದುವೇಲಿ ನಮ್ಮಪ್ಪ ಕೊಟ್ಟಿದ್ದ ಎರಡು ಕುರಿ ಮಾರಿ ನಾನು ನಲವತ್ತು ಬಿಳಿ ಫಾರಂ ಕೋಳಿ ತಂದಿದ್ದೆ. ಎಪ್ಪತ್ತರ ದಶಕದ ಮಾತು. ರಾಮಗಿರಿ ಕಡೆ ಕುರಿ ಕಾಯೋ ಮನೆತನದ ಸೊಸೆ ಕೋಳಿ ಫಾರಂ ಮಾಡ್ತಾಳೆ ಅಂದ್ರೆ ಊರೇ ನಗೋದು. ನಗ್ಲಿ ಬಿಡು ಅಂತ ಸುಮ್ಮನಾದೆ. ಆ ಮನೇಲಿ ನಂದು ಅಂತ ಇದ್ದದ್ದು ಅವಷ್ಟೇ.

ಬೇಸಿಗೆ ಬಂತು. ಕೋಳಿಗಳು ರೆಕ್ಕೆ ಅಗಲಿಸ್ಕೊಂಡು, ಕೊಕ್ಕು ತೆರೆದು ಏದುಸಿರು ಬಿಡೋವು. ಮೊಟ್ಟೆ ಮುಟ್ಟಿದರೆ ಒಡೆಯೋವು. ಹೊಳಲ್ಕೆರೆಯಲ್ಲಿ ಕೋಳಿ ಔಷಧಿ ಮಾರೋ ಸಾಹೇಬರು ಒಂದು ಡಬ್ಬಿ ವಿಟಮಿನ್ ಪುಡಿ ಕೊಟ್ಟು, "ಮಧ್ಯಾಹ್ನದ ನೀರಿಗೆ ಒಂದು ಚಮಚ ಕಲಸಿ ಇಡಮ್ಮ, ಝಳ ತಡ್ಕಂತಾವೆ" ಅಂದರು. ನೀರು ಹಳದಿಯಾಗೋದು, ಕಹಿ ಮಾತ್ರೆಯ ವಾಸನೆ ಬರೋದು.

ಮಧ್ಯಾಹ್ನ ನಾನು ಕೂಲಿಗೆ ಹೋಗಿರ್ತಿದ್ದೆ. ನಮ್ಮ ಯಜಮಾನರು ಕಾಳಗದ ಟಗರು ಸಾಕ್ಕೊಂಡು ಮನೇಲೇ ಇರೋರು. "ನೀರು ನಾನಿಡ್ತೀನಿ, ನೀ ಹೋಗು" ಅಂದರು. ಸಂಜೆ ನಾನು ಬರೋದ್ರೊಳಗೆ ಕೋಳಿ ನೀರು ಕುಡಿಯೋ ಬಾನಿ ತೊಳೆದು ಬೋರಲು ಹಾಕಿರೋರು. ಇಂಥ ಗಂಡ ಯಾರಿಗೈತೆ ಅಂತ ಓಣಿ ತುಂಬ ಹೇಳ್ಕೊಂಡು ಮೆರೆದೆ, ಹುಚ್ಚಿ.

ಒಂದೇ ತಿಂಗಳಲ್ಲಿ ಹದಿಮೂರು ಕೋಳಿ ಸತ್ತವು. ಸತ್ತದ್ದೊಂದನ್ನು ಚೀಲಕ್ಕೆ ಹಾಕ್ಕೊಂಡು ಯಜಮಾನರ ಜೊತೆ ಸಾಹೇಬರ ಅಂಗಡಿಗೆ ಹೋದೆ. "ಔಷಧಿ ಅಂತ ಮಣ್ಣು ಮಾರ್ತೀರೇನ್ರಿ?" ಅಂತ ಬಾಯಿಗೆ ಬಂದಂಗೆ ಬೈದೆ. ಯಜಮಾನರೂ ನನ್ನ ಪಕ್ಕದಲ್ಲೇ ನಿಂತು, "ನಂಬಿದವರ ಕುತ್ತಿಗೆ ಕೊಯ್ಯಬಾರದು ಸಾಹೇಬ್ರೆ" ಅಂದರು. ಸಾಹೇಬರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಇನ್ನೊಂದು ಡಬ್ಬಿ ತೆಗೆದು ನನ್ನ ಕೈಲಿಟ್ಟರು.

ಮುಂದಿನ ವಾರ ಬಿ.ದುರ್ಗದ ಕಡೆ ನಡೆದ ಕಾಳಗದಲ್ಲಿ ನಮ್ಮ ಟಗರು ಗೆದ್ದಿತು. ಗೆದ್ದು ಬಂದ ಟಗರಿಗೆ ಮನೆ ಸೊಸೆ ಮೂತಿ ಒರೆಸಿ, ಆರತಿ ಎತ್ತಿ, ಬೆಲ್ಲ ತಿನ್ನಿಸೋದು ನಮ್ಮ ಪದ್ಧತಿ. ಸೆರಗಿನಿಂದ ಮೂತಿ ಒರೆಸಿದೆ. ಸೆರಗು ಹಳದಿಯಾಯ್ತು. ಮೂಸಿ ನೋಡಿದರೆ ಅದೇ ಕಹಿ ಮಾತ್ರೆಯ ವಾಸನೆ.

ಆರತಿ ತಟ್ಟೆ ಕೆಳಗಿಟ್ಟು ಕೋಳಿ ಗೂಡಿಗೆ ಓಡಿದೆ. ಕಾಳಗಕ್ಕೆ ಹೋಗೋ ಗಡಿಬಿಡೀಲಿ ಅವತ್ತು ಬಾನಿ ತೊಳೆದಿರಲಿಲ್ಲ. ತಳಕ್ಕೆ ಕೈ ಹಾಕಿ ಬಳಿದು ಉಜ್ಜಿ ನೋಡಿದೆ. ಅರಿಶಿನ. ನನ್ನ ಒಲೆ ಪಕ್ಕದ ಡಬ್ಬೀದು, ನೀರು ಹಳದಿ ಕಾಣ್ಲಿ ಅಂತ ಕಲಸಿದ್ದು.

"ಏನ್ರಿ ಇದು?" ಅಂತ ಕೇಳಿದೆ.

"ಕೋಳಿ ಇವತ್ತಲ್ಲ ನಾಳೆ ಸಾಯೋವೇ. ಟಗರು ಮನೆತನದ ಮಾನ ಕಣೇ" ಅಂದರು, ಮೀಸೆ ತೀಡ್ಕೊಂಡು.

ಕೋಳಿ ಸತ್ತ ಸಂಕಟಕ್ಕಿಂತ, ಅಂಗಡೀಲಿ ನನ್ನ ಪಕ್ಕ ನಿಂತು ಅವರು ಆಡಿದ ಆ ಮಾತು ನೆನೆದೇ ನನಗೆ ಹೆಚ್ಚು ಉರಿಯಿತು.

ಬೆಳಗಾಗುತ್ಲೂ ಇದ್ದ ಮೊಟ್ಟೆ ಕಟ್ಕೊಂಡು ಹೊಳಲ್ಕೆರೆ ಬಸ್ಸು ಹತ್ತಿದೆ. ಸಾಹೇಬರ ಮುಂದೆ ನಿಂತು, "ತಪ್ಪಾಯ್ತು, ನಿಮ್ಮನ್ನ ಸುಮ್ಮನೆ ಬೈದೆ" ಅಂದೆ.

ಅವರು ತಲೆ ಎತ್ತಲಿಲ್ಲ. "ಈ ಪುಡಿ ಟಗರಿಗೆ ಎಷ್ಟು ಹಾಕ್ಬೇಕು ಅಂತ ನಿಮ್ಮ ಯಜಮಾನ್ರು ಮೊದಲೇ ಬಂದು ಕೇಳಿದ್ರಮ್ಮ. ಗಂಡನ ಮುಂದೆ ಹೆಂಡ್ತಿಗೆ ಹೆಂಗೆ ಹೇಳ್ಲಿ? ಕೋಳಿಗೂ ಆಗ್ಲಿ ಅಂತ ಇನ್ನೊಂದು ಡಬ್ಬಿ ಕೊಟ್ಟೆ."

ಆ ಡಬ್ಬೀನೂ ನಾನು ನನ್ನ ಕೈಯಾರೆ ಯಜಮಾನರಿಗೇ ಕೊಟ್ಟಿದ್ದೆ.