ಫ್ಯಾಮಿಲಿ ರೂಮಿನಲ್ಲಿ ನನ್ನ ಬ್ಯಾಗು

ನಮ್ಮ ಯಜಮಾನರು ತಾವು ಕಾನೂನು ಪಾಲಿಸುವವರೆಂದು ಮನಸಾರೆ ನಂಬಿದ್ದಾರೆ. ರಸ್ತೆ ಗುತ್ತಿಗೆಯ ಜಗಳದಲ್ಲಿ ಯಾರೋ ಬೆದರಿಕೆ ಹಾಕಿದ ಮೇಲೆ ರಿವಾಲ್ವರಿಗೆ ಲೈಸೆನ್ಸ್ ಮಾಡಿಸಿಕೊಂಡರು. ಚುನಾವಣೆ ಘೋಷಣೆಯಾದರೆ ಯಾರೂ ಹೇಳುವ ಮೊದಲೇ ಯಾದಗಿರಿ ಠಾಣೆಗೆ ಹೋಗಿ ಅದನ್ನು ಜಮಾ ಮಾಡಿ ಬರುತ್ತಾರೆ. ಆ ವಾರಗಳಲ್ಲಿ ಅವರ ಅಂಗಿಗಳಿಗೆ ಬಲಸೊಂಟದ ಹತ್ತಿರ ರಿವಾಲ್ವರಿನ ಎಣ್ಣೆಯ ಕಲೆ ಇರುವುದಿಲ್ಲ. ಒಗೆಯುವ ಮೊದಲು ಅಲ್ಲಿ ಬೆರಳಿಟ್ಟು ನೋಡುತ್ತೇನೆ.

ಕುಡಿಯುವಾಗ ಅದು ತಮ್ಮ ಮೈಮೇಲಿರಬಾರದು ಎಂಬುದೂ ಅವರಿಗೆ ಗೊತ್ತು. ಯಾದಗಿರಿಯಲ್ಲಿ ಬಂಧುಗಳು ಕಂಡಾರೆಂದು ನಾವು ಶಹಾಪುರದ ಬಾರ್ ಆಂಡ್ ರೆಸ್ಟೋರೆಂಟಿಗೆ ಹೋಗುತ್ತೇವೆ. ಕಾರು ನಿಲ್ಲಿಸಿ, ಅತ್ತಿತ್ತ ನೋಡಿ, ರಿವಾಲ್ವರನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕುತ್ತಾರೆ.

“ಫ್ಯಾಮಿಲಿ ರೂಮಿನಾಗ ಹೆಣ್ಮಕ್ಕಳ ಬ್ಯಾಗ್ ಯಾವನೂ ಮುಟ್ಟಂಗಿಲ್ಲ. ನಾ ಆರಾಮ ಕುಡೀತೇನಿ, ನೀ ಆರಾಮ ಉಣ್ಣು.”

ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಚೀಲಗಳನ್ನು ತೆರೆಸಿ ನೋಡುತ್ತಿದ್ದರು. ಬಳೆಚೂರು ಸಿಕ್ಕರೂ ನನ್ನ ಮುಖ ಕೆಂಪಾಗುತ್ತಿತ್ತು. ಈಗ ಬಾಚಣಿಗೆ, ತಲೆನೋವಿನ ಗುಳಿಗೆಗಳ ನಡುವೆ ಅದು ಮಲಗಿರುತ್ತದೆ, ಯಾರೂ ತೆರೆಸುವುದಿಲ್ಲ. ಯಾರಾದರೂ ತೆರೆಸಬಾರದೆ ಎಂದು ಎಷ್ಟೋ ಸಲ ಅನಿಸಿದೆ.

ನನ್ನ ಮೈದುನ ಸುರಪುರದಲ್ಲಿ ವಕೀಲ. ಹಬ್ಬಕ್ಕೆ ಬಂದಾಗ ಹೋಳಿಗೆ ಬಡಿಸುತ್ತಾ, ಬೇರೆ ಯಾರದೋ ಸುದ್ದಿ ಎಂಬಂತೆ ಕೇಳಿದೆ. ಆತ ಕೈಯಲ್ಲಿದ್ದ ತುತ್ತು ಇಳಿಸಿದ.

“ವೈನಿ, ಲೈಸೆನ್ಸ್ ಅಣ್ಣನ ಹೆಸರಿಲೆ ಐತಿ. ನಿಮ್ಮ ಬ್ಯಾಗಿನಾಗ ಸಿಕ್ಕರ ಕೇಸು ನಿಮ್ಮ ಮ್ಯಾಲ. ಕೊಟ್ಟಾಂವ ಅಂತ ಅವನ ಮ್ಯಾಲೂ ಬೀಳತೈತಿ. ಜೈಲಿನಾಗ ಫ್ಯಾಮಿಲಿ ರೂಮ್ ಇರಂಗಿಲ್ರಿ.”

ಅಂದರೆ ಠಾಣೆಗೆ ಹೋಗಿ ಹೇಳಿಕೊಂಡರೂ ಮೊದಲು ಹಿಡಿಯುವುದು ನನ್ನನ್ನೇ. ಅವತ್ತು ಗಂಡನನ್ನು ಬೇಡಿಕೊಂಡೆ: “ಮನ್ಯಾಗ ಬಿಟ್ಟು ಬರ್ರಿ. ತಿಜೋರಿ ಕೀಲಿ ನಿಮ್ಮ ಕೈಯಾಗ ಇರ್ಲಿ.”

“ಅಂವಾ ವಕೀಲ. ಅಂಜಸೂದ ಅವನ ಧಂದೆ,” ಎಂದು ನಕ್ಕರು.

ಶ್ರಾವಣ ಮುಗಿದ ಮೊದಲ ಭಾನುವಾರ ಶಹಾಪುರದ ಬಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ತಿಂಗಳು ಬಾಯಿ ಕಟ್ಟಿದವರೆಲ್ಲ ಬಂದಿದ್ದರು. ಪರದೆ ಹಾಕಿದ ಸಣ್ಣ ಕೋಣೆಯಲ್ಲಿ ನಾವಿಬ್ಬರೇ. ಎರಡನೆಯ ಗ್ಲಾಸು ಮುಗಿಸಿ ಅವರು ಕೈ ತೊಳೆಯಲು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ದನಿ ಏರಿತು. ಯಾರದೋ ಕೈ ತಾಗಿ ಅವರ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿತ್ತು.

ಪರದೆ ಸರಿಯಿತು. ಅವರ ಕೈ ಮಾತ್ರ ಒಳಗೆ ಬಂತು. ಉಗುರಿನ ಸಂದಿಯಲ್ಲಿ ಇನ್ನೂ ಮಸಾಲೆ ಇತ್ತು.

“ಕೊಡು.”

“ಮನ್ಯಾಗ ಬಿಟ್ಟು ಬಂದೇನ್ರಿ.”

“ನಾನ ಹಾಕೇನಲ್ಲ ಅದರಾಗ! ಕೊಡು ಅಂದ್ರ ಕೊಡು.”

ಬ್ಯಾಗನ್ನು ಎದೆಗವಚಿಕೊಂಡೆ. ಅವರು ಬೆಲ್ಟು ಹಿಡಿದು ಎಳೆದರು. ಕೊಂಡಿ ಕಿತ್ತುಬಂತು, ನನ್ನ ಸಾಮಾನೆಲ್ಲ ನೆಲಕ್ಕೆ ಚೆಲ್ಲಿತು. ಅವರು ಬೇಕಾದ್ದನ್ನು ಎತ್ತಿಕೊಂಡು ಹೋದರು. ಉಳಿದದ್ದನ್ನು ಆರಿಸುತ್ತಾ ನಾನು ಮೇಜಿನ ಕೆಳಗೇ ಕೂತೆ. ಗುಂಡಿನ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ.

ಬಂದದ್ದು ವಯಸ್ಸಾದವನೊಬ್ಬನ ದನಿ. “ತಪ್ಪಾತ್ರಿ ಸಾಹೇಬ್ರ, ಮಾಫ್ ಮಾಡ್ರಿ.”

ಪರದೆಯ ಸಂದಿನಿಂದ ನೋಡಿದೆ. ಆತ ತನ್ನ ಟವೆಲಿನಿಂದ ಇವರ ಅಂಗಿ ಒರೆಸುತ್ತಿದ್ದ. ಒರೆಸಿದಷ್ಟೂ ಕಲೆ ಹರಡುತ್ತಿತ್ತು, ಆದರೂ ನಿಲ್ಲಿಸಲು ಅವನಿಗೆ ಧೈರ್ಯವಿರಲಿಲ್ಲ. ಸುತ್ತಲಿನ ಮೇಜಿನವರು ತಟ್ಟೆ ನೋಡುತ್ತಾ ಕೂತಿದ್ದರು. ಯಾರೂ ಪೊಲೀಸರಿಗೆ ಫೋನು ಮಾಡಲಿಲ್ಲ. ಮಾಲೀಕನೇ ಬಂದು ದೊಡ್ಡವರು ಬೇಜಾರು ಮಾಡಿಕೊಳ್ಳಬಾರದೆಂದು ಕೈ ಮುಗಿದ.

ನಮ್ಮವರು ಒಳಗೆ ಬಂದು ಕೂತರು. “ನೋಡಿದೇನ? ಒಂದು ಗುಂಡೂ ಖರ್ಚಾಗಲಿಲ್ಲ.” ಆಮೇಲೆ ಅದನ್ನು ನನ್ನ ಕಡೆ ಚಾಚಿದರು. “ತಗೋ, ಇನ್ನ ನಾ ಕುಡೀಬೇಕು.”

ತಗೊಂಡೆ.

ಆ ವಾರವೇ ಕಲಬುರಗಿಯಿಂದ ಹೊಸ ಬ್ಯಾಗು ತಂದುಕೊಟ್ಟರು. “ಎಷ್ಟ ಎಳೆದ್ರೂ ಇದು ಕೀಳಂಗಿಲ್ಲ ನೋಡು,” ಎಂದರು. ಪಕ್ಕದ ಮನೆಯಾಕೆ ಅದರ ಹೊಲಿಗೆ ಮುಟ್ಟಿ ಮುಟ್ಟಿ ನೋಡಿದಳು.

“ನಿಮ್ಮ ಮನಿಯವ್ರು ಭಾಳ ಕಾಳಜಿ ಮಾಡ್ತಾರ ಬಿಡ್ರಿ. ನಮ್ಮಾಂವ ಒಂದ ಮಳ ಹೂ ತಂದಿಲ್ಲ.”

“ಹೌದ್ರಿ,” ಎಂದೆ.

ಭಾನುವಾರ ಅವರು ಕಾರು ತೆಗೆದು ಹಾರ್ನ್ ಹೊಡೆದರು. ಹೊಸ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋಗಿ ಕೂತೆ.